ಕಣ್ಣೆದುರಿನ ತೊಂದರೆಯ ಬಗ್ಗೆ ನಾವೇಕೆ ಬಾಯಿ ಬಿಡುವುದಿಲ್ಲ?

ಅನ್ವೇಷಕ:
ಮೆಟ್ಟಿಲಿನ ದೀಪ ಕೆಟ್ಟು ವಾರಗಳು ಕಳೆದರೂ ಕಟ್ಟಡದವರೆಲ್ಲ ಕತ್ತಲಲ್ಲಿ ತಡವರಿಸುತ್ತಲೇ ಹತ್ತಿಳಿಯುತ್ತಾರೆ. ಒಂದೇ ವಿವರವನ್ನು ಮೂರು ಕಡೆ ಬರೆಸಿಕೊಳ್ಳುವ ಕಚೇರಿಯ ಪದ್ಧತಿ ವ್ಯರ್ಥವೆಂದು ಎಲ್ಲರಿಗೂ ಗೊತ್ತಿದ್ದರೂ ಸಭೆಯಲ್ಲಿ ಅದರ ಮಾತೆತ್ತುವವರಿಲ್ಲ. ಹೊರಗೆ ಬಂದ ಮೇಲೆ ಮಾತ್ರ ಎಲ್ಲರೂ ಗೊಣಗುತ್ತಾರೆ. ಇದಕ್ಕೆ ಹೆದರಿಕೆಯೇ ಕಾರಣವೆಂಬುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ದೀಪ ಕೆಟ್ಟಿದೆ ಎಂದವರನ್ನು ಯಾರೂ ದಂಡಿಸುವುದಿಲ್ಲ. ಊರ ಉಸಾಬರಿ ನಮಗೇಕೆ ಎಂಬ ಉದಾಸೀನವೇ ಇದರ ಮೂಲವೆಂದು ನನ್ನ ಅಭಿಪ್ರಾಯ.

ಸಮಚಿತ್ತ:
ಉದಾಸೀನವೆಂಬ ತೀರ್ಪು ಅವಸರದ್ದೆಂದು ನನಗೆ ಅನ್ನಿಸುತ್ತದೆ. ಮನೋವಿಜ್ಞಾನಿಗಳಾದ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ 1968ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಪ್ರಶ್ನಾವಳಿ ತುಂಬುತ್ತಾ ಕುಳಿತವರ ಕೊಠಡಿಗೆ ಗೋಡೆಯ ಕಿಂಡಿಯಿಂದ ಹೊಗೆ ಬಿಡಲಾಯಿತು. ಒಬ್ಬರೇ ಇದ್ದಾಗ ಶೇ. 75ರಷ್ಟು ಮಂದಿ ಎದ್ದುಹೋಗಿ ವಿಷಯ ತಿಳಿಸಿದರು. ಏನೂ ಆಗಿಲ್ಲವೆಂಬಂತೆ ಇರಲು ಮೊದಲೇ ಹೇಳಿಟ್ಟಿದ್ದ ಇಬ್ಬರು ಜೊತೆಗಿದ್ದಾಗ ಹಾಗೆ ತಿಳಿಸಿದವರು ಶೇ. 10 ಮಾತ್ರ. ಉಳಿದವರು ಕೆಮ್ಮುತ್ತಾ, ಕಣ್ಣುಜ್ಜಿಕೊಳ್ಳುತ್ತಾ ಬರೆಯುತ್ತಲೇ ಇದ್ದರು. ಅವರಿಗೆ ತೊಂದರೆಯ ಅರಿವಿಲ್ಲ ಎನ್ನಲಾದೀತೇ? ಪಕ್ಕದವರ ಮುಖ ಶಾಂತವಾಗಿರುವುದನ್ನು ನೋಡಿ, ಇದು ದೊಡ್ಡ ವಿಷಯವಲ್ಲವೇನೋ ಎಂದು ಪ್ರತಿಯೊಬ್ಬರೂ ಭಾವಿಸುವುದರಿಂದ ಇಂತಹ ಮೌನ ಹುಟ್ಟುತ್ತದೆ.

ಅನ್ವೇಷಕ:
ಹೊಗೆ ಯಾವುದರದ್ದೆಂಬ ಬಗ್ಗೆ ಅನುಮಾನವಿರಬಹುದು. ಆದರೆ ಉರಿಯದ ದೀಪದ ವಿಷಯದಲ್ಲಿ ಯಾವ ಅನುಮಾನವಿದೆ? ಅಲ್ಲಿ ಎಲ್ಲರಿಗೂ ಎಲ್ಲವೂ ಸ್ಪಷ್ಟವಾಗಿದೆ. ಆದರೂ ಯಾರೂ ಹೇಳುವುದಿಲ್ಲ.

ಹಳೇ ಕಡತ:
ದೂರು ಸ್ವೀಕರಿಸುವ ಮೇಜಿನ ಹಿಂದೆ ಬಹಳ ಕಾಲ ಕುಳಿತವಳು ನಾನು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅನ್ವೇಷಕರು ಉದಾಸೀನವೆಂದು ಕರೆಯುತ್ತಿರುವುದು ನನ್ನ ಅನುಭವದಲ್ಲಿ ಬಹುಪಾಲು ಕಲಿತ ಪಾಠ. ಮೊದಲ ಸಲ ಬರುವವರು ಉತ್ಸಾಹದಿಂದಲೇ ಬರುತ್ತಾರೆ. ಅವರ ಕಾಗದಕ್ಕೆ ಉತ್ತರ ಹೋಗುವುದಿಲ್ಲ. ಮತ್ತೆ ವಿಚಾರಿಸಿದರೆ ಇನ್ನೊಂದು ವಿಭಾಗದತ್ತ ಬೆರಳು ತೋರಿಸಲಾಗುತ್ತದೆ. ಕೊನೆಗೆ, ಅಷ್ಟು ಕಾಳಜಿಯಿದ್ದರೆ ನೀವೇ ನಿಂತು ಮಾಡಿಸಿ ಎಂದು ಕೆಲಸವನ್ನು ದೂರಿದವರ ತಲೆಗೇ ಕಟ್ಟಲಾಗುತ್ತದೆ. ದೂರಿನ ವಿಷಯ ಮರೆತುಹೋದರೂ, ಆ ಮನುಷ್ಯ ಯಾವಾಗಲೂ ತಕರಾರು ತೆಗೆಯುವವನು ಎಂಬ ಹೆಸರು ಮಾತ್ರ ಉಳಿಯುತ್ತದೆ. ಇದನ್ನು ಪಕ್ಕದಲ್ಲಿ ನಿಂತು ನೋಡಿದವರು ಒಮ್ಮೆಯೂ ದೂರು ಕೊಡದೆಯೇ ಅದೇ ಪಾಠವನ್ನು ಕಲಿತುಬಿಡುತ್ತಾರೆ.

ಇದಕ್ಕಿಂತ ಹೆಚ್ಚು ನೋವಿನ ಸಂಗತಿ ಇನ್ನೊಂದಿದೆ. ದೂರುಗಳ ಸಂಖ್ಯೆ ಇಳಿದಾಗ ಮೇಲಿನವರು ಅದನ್ನು ಸುಧಾರಣೆ ಎಂದು ವರದಿಯಲ್ಲಿ ಬರೆಯುತ್ತಾರೆ. ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳ ತಂಡಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಒಳ್ಳೆಯ ನಾಯಕತ್ವವಿದ್ದ ತಂಡಗಳಲ್ಲೇ ಔಷಧ ನೀಡಿಕೆಯ ತಪ್ಪುಗಳು ಹೆಚ್ಚಾಗಿ ಕಂಡುಬಂದಿದ್ದವು. ಅಲ್ಲಿನವರು ಹೆಚ್ಚು ತಪ್ಪು ಮಾಡುತ್ತಿದ್ದರೆಂದಲ್ಲ, ತಪ್ಪನ್ನು ಬಚ್ಚಿಡದೆ ಹೇಳಿಕೊಳ್ಳಲು ಹಿಂಜರಿಯುತ್ತಿರಲಿಲ್ಲ ಎಂಬುದು ಅವರು ಕೊಟ್ಟ ವಿವರಣೆ. ದೂರಿಲ್ಲದ ಕಡೆ ತೊಂದರೆಯೂ ಇಲ್ಲವೆಂದು ನಂಬುವ ಮೇಲಧಿಕಾರಿಗಳು ಇದನ್ನು ಗಮನಿಸಬೇಕು.

ತಿಳಿನೀರು:
ಹಳೇ ಕಡತ ಅವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಮಾತಿನ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಸ್ವಂತ ಮನೆಯವರು ದೀಪದ ಬಗ್ಗೆ ಜಗಳವಾಡಬಹುದು, ಆದರೆ ಬಾಡಿಗೆಯ ಕರಾರು ಮುಗಿಯುತ್ತಾ ಬಂದವರು ಮಾಲೀಕರೊಡನೆ ಮಾತಾಡುವ ಮೊದಲು ಹತ್ತು ಸಲ ಯೋಚಿಸುತ್ತಾರೆ; ಗುತ್ತಿಗೆಯ ಮೇಲೆ ದುಡಿಯುವವರ ಸ್ಥಿತಿಯೂ ಅದೇ. ಇನ್ನು ಅನುಕೂಲವುಳ್ಳವರು ಬೇರೆ ಕಡೆಗೆ ಹೊರಟುಹೋಗುತ್ತಾರೆ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲೇ ತೋರಿಸಿಕೊಟ್ಟಂತೆ, ಗುಣಮಟ್ಟದ ಬಗ್ಗೆ ಹೆಚ್ಚು ಕಾಳಜಿಯುಳ್ಳವರೇ ಮೊದಲು ಬಿಟ್ಟುಹೋದರೆ, ಗಟ್ಟಿಯಾಗಿ ಕೇಳಬಲ್ಲವರು ಯಾರೂ ಒಳಗೆ ಉಳಿಯುವುದಿಲ್ಲ. ಉಳಿದವರನ್ನು ಹೇಡಿಗಳೆಂದು ಜರಿಯುವುದು ಅನ್ಯಾಯ.

ಅನ್ವೇಷಕ:
ಅಸಹಾಯಕರನ್ನು ನಾನು ಜರಿಯುತ್ತಿಲ್ಲ. ಕೆಲಸ ಕಾಯಂ ಆದವರು, ಸ್ವಂತ ಮನೆಯಿರುವವರು, ಮಾತಾಡಿದರೆ ಏನನ್ನೂ ಕಳೆದುಕೊಳ್ಳದವರು ಕೂಡ ಸುಮ್ಮನಿರುತ್ತಾರಲ್ಲ, ನನ್ನ ಸಿಟ್ಟು ಅವರ ಮೇಲೆ.

ಸಮಚಿತ್ತ:
ಆ ಸಿಟ್ಟು ನ್ಯಾಯವಾದದ್ದು. ಅವರಿಂದ ಏನನ್ನು ನಿರೀಕ್ಷಿಸಬಹುದು ಎಂಬುದನ್ನು ನೋಡೋಣ. 1950ರ ದಶಕದಲ್ಲಿ ಮನೋವಿಜ್ಞಾನಿ ಸಾಲಮನ್ ಆಶ್ ಗೆರೆಗಳ ಉದ್ದವನ್ನು ಹೋಲಿಸುವ ಸುಲಭವಾದ ಪ್ರಯೋಗಗಳನ್ನು ನಡೆಸಿದರು. ಸುತ್ತಲಿನವರೆಲ್ಲ ಬೇಕೆಂದೇ ತಪ್ಪು ಉತ್ತರ ಹೇಳಿದಾಗ, ಭಾಗವಹಿಸಿದವರ ಉತ್ತರಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗುಂಪಿನ ತಪ್ಪಿನ ಕಡೆಗೇ ವಾಲಿತು. ಗುಂಪಿನಲ್ಲಿ ಒಬ್ಬರೇ ಒಬ್ಬರು ಸರಿಯುತ್ತರ ಹೇಳಿದರೆ ಸಾಕು, ಆ ಪ್ರಮಾಣ ಬಹಳ ಕೆಳಗಿಳಿಯುತ್ತಿತ್ತು. ಆದ್ದರಿಂದ ಭದ್ರ ಸ್ಥಾನದಲ್ಲಿರುವವರು ಮೊದಲು ಮಾತೆತ್ತುವ ಧೈರ್ಯ ತೋರದಿದ್ದರೂ, ಯಾರೋ ಕಿರಿಯರು ವಿಷಯ ಎತ್ತಿದಾಗ ‘ನನಗೂ ಇದೇ ತೊಂದರೆಯಾಗಿದೆ’ ಎಂದು ಆ ಸಭೆಯಲ್ಲೇ, ಆ ಕ್ಷಣದಲ್ಲೇ ಹೇಳಬೇಕು. ಸಭೆ ಮುಗಿದ ಮೇಲೆ ಹೊರಗೆ ಬೆನ್ನು ತಟ್ಟಿ, ಚೆನ್ನಾಗಿ ಮಾತಾಡಿದಿರಿ ಎನ್ನುವುದರಿಂದ ಪ್ರಯೋಜನವಿಲ್ಲ.

ತಿಳಿನೀರು:
ಹೆಸರು ಹೇಳದೆ ದೂರು ಕೊಡುವ ಪೆಟ್ಟಿಗೆಯಿದ್ದರೆ ಇಷ್ಟು ಧೈರ್ಯವೂ ಬೇಕಾಗುವುದಿಲ್ಲವಲ್ಲ?

ಹಳೇ ಕಡತ:
ಅಂತಹ ಪೆಟ್ಟಿಗೆ ಬೇಕು. ಕಿರುಕುಳದಂತಹ ಗಂಭೀರ ವಿಷಯಗಳಿಗೆ ಅದು ಅನಿವಾರ್ಯವೂ ಹೌದು. ಆದರೆ ದಿನನಿತ್ಯದ ತೊಂದರೆಗಳಿಗೆ ಅದೊಂದೇ ಸಾಲದು, ಏಕೆಂದರೆ ಹೆಸರಿಲ್ಲದ ಚೀಟಿ ಬರೆದವರಿಗೆ ವಿವರ ಕೇಳಲೂ ಆಗದು, ಉತ್ತರ ಕಳುಹಿಸಲೂ ಆಗದು. ಸಮಚಿತ್ತ ಅವರು ಹೇಳಿದ ಬೆಂಬಲದ ದನಿಯೂ, ಕೇಳಿಸಿಕೊಳ್ಳಬೇಕಾದವರು ಬದಲಾಗದಿದ್ದರೆ, ಒಂದೆರಡು ಸಲ ಎದ್ದು ಸೋತು ಸುಮ್ಮನಾಗುತ್ತದೆ. ನಾನು ಒತ್ತಾಯಿಸುವುದು ಇಷ್ಟನ್ನೇ: ದೂರು ಬಂದರೆ ಅದನ್ನು ಯಾರು ನೋಡಿಕೊಳ್ಳುತ್ತಾರೆ, ಎಂದಿನೊಳಗೆ ತಿಳಿಸುತ್ತಾರೆ ಎಂಬುದು ಲಿಖಿತವಾಗಿ ಹೋಗಬೇಕು, ಆಗದ ಕೆಲಸವಾದರೆ ಏಕೆ ಆಗದೆಂಬ ಕಾರಣವೂ ಹೋಗಬೇಕು. ಕಾರಣಸಹಿತ ‘ಆಗುವುದಿಲ್ಲ’ ಎಂಬ ಉತ್ತರ ಪಡೆದವರು ಬೇರೊಂದು ತೊಂದರೆ ಹಿಡಿದು ಮತ್ತೆ ನನ್ನ ಮೇಜಿಗೆ ಬಂದದ್ದುಂಟು. ಯಾವ ಉತ್ತರವೂ ಸಿಗದವರು ಮರಳಿ ಬಂದದ್ದು ತೀರ ಅಪರೂಪ.