ಕಾರಿನೊಳಗೆ ಮಳೆನೀರು: ಎಲ್ಲಿಂದ ಬರುತ್ತದೆ ಅಂತ ಹೇಗೆ ಹಿಡಿದಿರಿ?

ಕೇಳಿದವರು, ಬೆಳಗಾವಿ ಅನಗೋಳದಿಂದ

ನಮಸ್ಕಾರ. ನಾನು ಶಾಲೆ ಕೆಲಸಕ್ಕೆ ದಿನಾ ಖಾನಾಪುರಕ್ಕೆ ಕಾರಿನಲ್ಲಿ ಹೋಗಿ ಬರುತ್ತೇನೆ. ಕಾರಿಗೆ ಎಂಟು ವರ್ಷ. ಈ ಮಳೆಗಾಲ ಶುರುವಾದಾಗಿನಿಂದ ಡ್ರೈವರ್ ಸೀಟಿನ ಹಿಂದೆ ಕಾಲಿಡುವ ಜಾಗ ಹಸಿಯಾಗುತ್ತಿದೆ. ಮಗಳ ಸ್ಕೂಲ್ ಬ್ಯಾಗಿನ ತಳ ತೊಯ್ದಾಗ ಗೊತ್ತಾಯಿತು. ಮ್ಯಾಟ್ ಎತ್ತಿ ಒತ್ತಿದರೆ ಸ್ಪಂಜ್ ಹಿಂಡಿದ ಹಾಗೆ ನೀರು ಬರುತ್ತದೆ. ಮೇಲಿನಿಂದ ಹನಿ ಬೀಳುವುದು ಎಲ್ಲೂ ಕಾಣುವುದಿಲ್ಲ. ಒಂದು ಗ್ಯಾರೇಜಿನವರು ನಾಲ್ಕೂ ಬಾಗಿಲಿನ ರಬ್ಬರ್ ಬದಲಿಸಿ, ಆರು ಸಾವಿರ ಆಗುತ್ತದೆ ಅಂದರು. ಇನ್ನೊಬ್ಬರು ಸುತ್ತ ಸಿಲಿಕೋನ್ ಹಚ್ಚಿಬಿಡೋಣ ಅಂದರು. ಯಾರಿಗಾದರೂ ಹೀಗೆ ಆಗಿದೆಯಾ? ಹೇಗೆ ಸರಿ ಮಾಡಿಸಿದಿರಿ?

ಬೆಳಗಾವಿ ಹಿಂದವಾಡಿಯಿಂದ

ಅಕ್ಕಾವ್ರೇ, ರಬ್ಬರಿಗೂ ಸಿಲಿಕೋನಿಗೂ ದುಡ್ಡು ಕೊಡುವ ಮೊದಲು ಒಂದು ರವಿವಾರ ತಡೆಯಿರಿ. ನಾನು ಆ ಎರಡನ್ನೂ ಮಾಡಿಸಿ ಕಳೆದುಕೊಂಡವನು.

ನನ್ನ ಕಾರಿನಲ್ಲಿ ಮುಂದೆ ಎಡಗಡೆ ಹಸಿಯಾಗುತ್ತಿತ್ತು. ಮೊದಲನೇ ಗ್ಯಾರೇಜಿನಲ್ಲಿ ಬಾಗಿಲಿನ ರಬ್ಬರ್ ಬದಲಿಸಿದರು. ಎರಡನೆಯವರು ಮುಂದಿನ ಗಾಜಿನ ಸುತ್ತ ಸಿಲಿಕೋನ್ ಎಳೆದರು. ನಾಲ್ಕು ದಿನ ಒಣಗಿತ್ತು. ಆಮೇಲೆ ನೋಡಿದರೆ ಆ ನಾಲ್ಕು ದಿನ ಮಳೆಯೇ ಬಂದಿರಲಿಲ್ಲ! ಮತ್ತೆ ಜಡಿಮಳೆ ಹಿಡಿಯಿತು, ಮತ್ತೆ ನೀರು. ಕೊನೆಗೆ ಡೆಂಟಿಂಗ್ ಕೆಲಸ ಮಾಡುವ ಹಿರಿಯರೊಬ್ಬರು ಒಂದು ಮಾತು ಹೇಳಿದರು: ನೀರು ನಿಂತ ಜಾಗ ಬೇರೆ, ಬಂದ ಜಾಗ ಬೇರೆ, ನೀನು ನಿಂತಲ್ಲೇ ಹುಡುಕುತ್ತಿದ್ದೀಯ.

ಅವರು ಹೇಳಿಕೊಟ್ಟ ರೀತಿ ಹೀಗೆ. ಮೊದಲು ಪೂರ್ತಿ ಒಣಗಿಸಬೇಕು. ನೆಲ ಹಸಿಯಾಗಿದ್ದರೆ ಹಳೆಯ ನೀರು ಯಾವುದು, ಹೊಸದು ಯಾವುದು ಅಂತ ತಿಳಿಯುವುದಿಲ್ಲ. ಈಗ ಎಲ್ಲರೂ ಹಾಕಿಸುವ ಆ ದಪ್ಪ 7ಡಿ ಮ್ಯಾಟ್ ಇದ್ದರೆ ತೆಗೆದು ಹೊರಗಿಡಿ, ಅದು ತಿಂಗಳುಗಟ್ಟಲೆ ನೀರನ್ನು ಮುಚ್ಚಿಡುತ್ತದೆ. ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ, ಕಾರ್ಪೆಟ್ ಎತ್ತಿ, ಕೆಳಗೆ ಹಳೆಯ ನ್ಯೂಸ್‌ಪೇಪರ್ ಹಾಸಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು, ಒಬ್ಬರು ಹೊರಗೆ ನೀರು ಬಿಡಬೇಕು. ತೋಟಕ್ಕೆ ನೀರು ಹಾಯಿಸುವ ಪೈಪ್ ಸಾಕು, ನೀರು ಮೆಲ್ಲಗೆ ಹರಿಯಲಿ. ಸರ್ವಿಸಿಂಗ್ ಸೆಂಟರಿನ ಜೋರಾದ ಪ್ರೆಶರ್ ಬೇಡ. ಅದು ಒಳ್ಳೆಯ ರಬ್ಬರನ್ನೂ ದಾಟಿ ಒಳಗೆ ಬರುತ್ತದೆ, ಸುಮ್ನೆ ದಾರಿ ತಪ್ಪಿಸುತ್ತದೆ.

ನೀರು ಬಿಡುವುದು ಕೆಳಗಿನಿಂದ ಮೇಲಕ್ಕೆ. ಮೊದಲು ಬಾಗಿಲ ಕೆಳಭಾಗ, ಆಮೇಲೆ ಗಾಜು, ಆಮೇಲೆ ಟಾಪ್. ಒಂದೊಂದು ಜಾಗಕ್ಕೂ ಹತ್ತು ನಿಮಿಷ. ಮೇಲಿನಿಂದ ಶುರು ಮಾಡಿದರೆ ಎಲ್ಲ ಜಾಗಕ್ಕೂ ಒಟ್ಟಿಗೇ ನೀರು ಬಿದ್ದು ಏನೂ ತಿಳಿಯುವುದಿಲ್ಲ.

ನನ್ನ ತಮ್ಮ ಹೊರಗೆ ಪೈಪ್ ಹಿಡಿದಿದ್ದ. ನಾನು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ ಮಲಗಿದ್ದೆ. ಅರ್ಧ ಗಂಟೆ ಏನೂ ಇಲ್ಲ. ಅವನು ಪೈಪನ್ನು ವೈಪರ್ ಕೆಳಗಿರುವ ಕರಿ ಜಾಲಿಗೆ ಹಿಡಿದ. ನಾಲ್ಕೈದು ನಿಮಿಷ ಕಳೆಯಿತು. ಎಸಿ ಗಾಳಿ ಊದುವ ಬ್ಲೋವರ್ ಡಬ್ಬಿಯ ಕೆಳತುದಿಯಲ್ಲಿ ಒಂದು ಹನಿ ಕಟ್ಟಿತು. ದಪ್ಪ ಆಯಿತು. ವೈರಿನ ಕಟ್ಟಿನ ಮೇಲೆ ಬಿದ್ದು, ವೈರಿನ ಗುಂಟ ಜಾರಿ, ಕಾರ್ಪೆಟ್ಟಿನ ಹಿಂದೆ ಇಳಿದುಹೋಯಿತು. ಅದರ ಹಿಂದೆ ಇನ್ನೊಂದು. ಎರಡು ತಿಂಗಳಿನಿಂದ ನಿದ್ದೆ ಕೆಡಿಸಿದ್ದು ಅದೇ ದಾರಿ.

ವೈಪರ್ ಕಡ್ಡಿ ಬಿಚ್ಚಿ ಜಾಲಿ ಎತ್ತಿದೆವು. ಕಾರು ನಿಲ್ಲಿಸುವುದು ಗುಲ್‌ಮೊಹರ್ ಮರದ ಕೆಳಗೆ. ಅದರ ಎಲೆ ಎಷ್ಟು ಸಣ್ಣದು ಅಂದರೆ ಜಾಲಿಯ ಸಂದಿಯಲ್ಲಿ ನುಸುಳಿ ಹೋಗುತ್ತದೆ. ಹುಣಸೆ ಎಲೆಯೂ ಹಾಗೇ. ಒಳಗೆ ಕೊಳೆತು ಕರಿ ರಾಡಿಯಾಗಿ, ನೀರು ಹೋಗುವ ತೂತನ್ನು ಪೂರ್ತಿ ಮುಚ್ಚಿತ್ತು. ನೀರು ತುಂಬಿ, ಎಸಿಗೆ ಹೊರಗಿನ ಗಾಳಿ ಎಳೆಯುವ ಬಾಯಿಯಿಂದ ಒಳಗೆ ಇಳಿಯುತ್ತಿತ್ತು. ಕೈಯಿಂದ ರಾಡಿ ತೆಗೆದ ಕೂಡಲೇ ನಿಂತ ನೀರೆಲ್ಲ ಗಳಗಳ ಇಳಿಯಿತು. ಖರ್ಚು ಸೊನ್ನೆ. ಈಗ ವರ್ಷಕ್ಕೊಮ್ಮೆ, ಜೂನ್ ಮೊದಲ ವಾರ, ಮೃಗಶಿರ ಮಳೆ ಕೂಡುವ ಮುಂಚೆ ಅಲ್ಲಿ ಕೈಹಾಕಿ ನೋಡುತ್ತೇನೆ. ಗ್ಲೋವ್ ಬಾಕ್ಸ್ ಹಿಂದಿನ ಎಸಿ ಫಿಲ್ಟರ್ ತೊಯ್ದಿದ್ದರೆ ಅಥವಾ ಅದರ ಮೇಲೆ ನೀರಿನ ಕಲೆ ಇದ್ದರೆ, ಮೊದಲ ಅನುಮಾನ ಈ ಜಾಗದ ಮೇಲೆಯೇ ಇರಲಿ.

ನಿಮ್ಮದು ಹಿಂದಿನ ಬಲಗಡೆ. ಮುಂದಿನ ಕಾರ್ಪೆಟ್ ಎತ್ತಿಯೂ ನೋಡಿ, ಮುಂದೆ ಬಂದ ನೀರು ಹರಿದು ಹಿಂದೆ ನಿಲ್ಲುವುದುಂಟು. ಅಲ್ಲಿ ಒಣಗಿದ್ದರೆ ಹಿಂದಿನ ಬಾಗಿಲನ್ನೇ ಹಿಡಿಯಿರಿ. ಒಂದು ಪ್ರಶ್ನೆ: ಆ ಬಾಗಿಲಿನ ಪ್ಯಾಡ್, ಅಂದರೆ ಒಳಬದಿಯ ಹೊದಿಕೆ, ಯಾವಾಗಲಾದರೂ ಬಿಚ್ಚಿಸಿದ್ದೀರಾ? ಸ್ಪೀಕರ್ ಕೂರಿಸಲು, ಗಾಜಿನ ಮೋಟರ್ ರಿಪೇರಿಗೆ? ಬಾಗಿಲಿನ ಒಳಗೆ ಮಳೆನೀರು ಹೋಗುವುದು ಸಹಜ. ಗಾಜಿನ ಪಕ್ಕದಿಂದ ಇಳಿದು ತಳದ ತೂತುಗಳಿಂದ ಹೊರಗೆ ಹೋಗಬೇಕು. ಅದು ನಮ್ಮ ಕಡೆ ಬರದಂತೆ ತಡೆಯುವುದು ಪ್ಯಾಡಿನ ಹಿಂದೆ ಅಂಟಿಸಿದ ಒಂದು ತೆಳ್ಳನೆ ಪ್ಲಾಸ್ಟಿಕ್ ಹಾಳೆ. ಅದು ಹರಿದರೆ ಅಥವಾ ಅಂಟು ಬಿಟ್ಟರೆ ರಬ್ಬರ್ ಎಷ್ಟು ಹೊಸದಿದ್ದರೂ ನೀರು ಒಳಗೇ ಬರುತ್ತದೆ.

ವಿಜಯಪುರದಿಂದ

ನಮ್ಮಲ್ಲಿ ಬೆಳಗಾವಿಯಷ್ಟು ಮಳೆ ಇಲ್ಲ, ಅದಕ್ಕೇ ನಾವು ಈ ಕಡೆ ಲಕ್ಷ್ಯ ಕೊಡುವುದಿಲ್ಲ. ಆದರೆ ಧೂಳು ಜಾಸ್ತಿ. ಎಂಟು ತಿಂಗಳು ಎರೆಮಣ್ಣಿನ ಧೂಳು ಕೂತು, ಒಂದೇ ರಾತ್ರಿ ಉತ್ತರಿ ಮಳೆ ಹೊಡೆದರೆ ಮುಗಿಯಿತು. ಹೋದ ವರ್ಷ ನನ್ನ ಕಾರಿನ ಟಾಪಿನ ಬಟ್ಟೆಯ ಮೇಲೆ ಚಹಾ ಬಣ್ಣದ ಕಲೆ ಬಂತು. ಸನ್‌ರೂಫಿನ ರಬ್ಬರ್ ಹೋಗಿದೆ ಅಂದುಕೊಂಡೆ. ರಬ್ಬರ್ ಚೆನ್ನಾಗಿಯೇ ಇತ್ತು.

ಸನ್‌ರೂಫ್ ಇರುವವರು ಇದನ್ನು ತಿಳಿದಿರಬೇಕು. ಅದರ ರಬ್ಬರ್ ನೀರನ್ನು ಪೂರ್ತಿ ತಡೆಯುವುದಿಲ್ಲ, ಒಂದಿಷ್ಟು ಇಳಿಯುವುದು ಲೆಕ್ಕದಲ್ಲೇ ಇರುತ್ತದೆ. ಸುತ್ತ ಒಂದು ಕಾಲುವೆ, ಸಾಮಾನ್ಯವಾಗಿ ನಾಲ್ಕು ಮೂಲೆಗೆ ನಾಲ್ಕು ಸಣ್ಣ ಪೈಪ್. ಆ ಪೈಪ್ ಟಾಪನ್ನು ಹೊತ್ತ ಕಂಬಗಳ ಒಳಗಿಂದ ಇಳಿದು ಕಾರಿನ ಕೆಳಗೆ ನೀರು ಬಿಡುತ್ತವೆ. ಸನ್‌ರೂಫ್ ತೆರೆದು ಮೂಲೆಯ ತೂತಿಗೆ ಒಂದು ಲೋಟ ನೀರು ಮೆಲ್ಲಗೆ ಹಾಕಿ. ಕಾರಿನ ಕೆಳಗೆ ಬಿದ್ದರೆ ಸರಿ. ಕಾಲುವೆಯಲ್ಲೇ ನಿಂತರೆ ಕಟ್ಟಿದೆ ಅಂತ ಅರ್ಥ. ನಾನು ಹುಲ್ಲು ಕತ್ತರಿಸುವ ಮಷಿನ್ನಿಗೆ ಹಾಕುವ ಮೆತ್ತನೆ ನೈಲಾನ್ ದಾರ ತೂರಿಸಿ ಬಿಡಿಸಿದೆ. ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಬೇಡಿ. ಕಂಬದ ಒಳಗೆ ಪೈಪಿನ ಜೋಡಣೆ ಕಳಚಿಕೊಂಡರೆ ಸೀಲಿಂಗ್ ಬಟ್ಟೆಯನ್ನೇ ಇಳಿಸಬೇಕಾಗುತ್ತದೆ.

ಜಮಖಂಡಿಯಿಂದ

ನನ್ನದು ಮಳೆನೀರೇ ಆಗಿರಲಿಲ್ಲ. ಏಪ್ರಿಲ್ ಬಿಸಿಲಲ್ಲಿ ಎಡಗಡೆ ಮುಂದಿನ ಮ್ಯಾಟ್ ತೊಯ್ದಿತ್ತು. ಎಸಿ ಹಾಕಿದಾಗ ಕಾರಿನ ಕೆಳಗೆ ಹನಿ ಬೀಳಬೇಕಲ್ಲ, ಅದು ನಿಂತಿತ್ತು. ಎಸಿ ನೀರಿನ ಪೈಪ್ ಕಟ್ಟಿಕೊಂಡಿತ್ತು, ಬಿಡಿಸಿದ ಮೇಲೆ ಸರಿಹೋಯಿತು. ಒಳಗಿನ ನೀರು ತಿಳಿಯಾಗಿದ್ದು ವಾಸನೆ ಇಲ್ಲದಿದ್ದರೆ ಇದನ್ನು ಮೊದಲು ನೋಡಿ. ನೀರು ಅಂಟಂಟಾಗಿ, ಸಿಹಿ ವಾಸನೆ ಬಂದು, ಗಾಜಿಗೆ ಒಳಗಿಂದ ಮಂಜು ಕಟ್ಟುತ್ತಿದ್ದರೆ ಅದು ಹೀಟರಿನಿಂದ ಸೋರುವ ಕೂಲೆಂಟ್, ಎಂಜಿನ್ ತಂಪಾಗಿಡುವ ದ್ರವ. ಅದನ್ನು ತಡ ಮಾಡದೆ ತೋರಿಸಿ, ಎಂಜಿನ್ ಬಿಸಿಯಾಗುತ್ತದೆ.

ಬೆಳಗಾವಿ ಕ್ಯಾಂಪಿನಿಂದ

ನಾನು ಕೆಲಸದ ಮೇಲೆ ವಾರಕ್ಕೊಮ್ಮೆ ಚೋರ್ಲಾ ಘಾಟಿನ ಮೇಲೆ ಗೋವಾಕ್ಕೆ ಹೋಗುತ್ತೇನೆ. ಜಾಂಬೋಟಿ ದಾಟಿ, ಮಲಪ್ರಭೆ ಹುಟ್ಟುವ ಕಣಕುಂಬಿ ಹತ್ತಿರ ಬಂದರೆ ಮಳೆ ಎಂಥದ್ದು ಅಂತ ಈ ಕಡೆಯವರಿಗೆಲ್ಲ ಗೊತ್ತು. ನನ್ನ ಕಾರಿನಲ್ಲಿ ನಿಂತಾಗ ನೀರು ಬರುತ್ತಿರಲಿಲ್ಲ. ಓಡುವಾಗ ಮಾತ್ರ ಮುಂದಿನ ಬಲಗಡೆ ಕಂಬದ ಬುಡದಲ್ಲಿ ಒಸರುತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ಕಲ್ಲು ಬಡಿದು ಮುಂದಿನ ಗಾಜು ಬದಲಿಸಿದ್ದೆ. ಅಂಟು ಒಂದು ಬೆರಳಿನಷ್ಟು ಜಾಗದಲ್ಲಿ ಕೂಡಿರಲಿಲ್ಲ.

ಕಂಡುಹಿಡಿದದ್ದು ಸಾಬೂನು ನೀರಿನಿಂದ. ಗಾಜಿನ ಅಂಚಿಗೆ ಹೊರಗಿಂದ ನೊರೆ ಹಚ್ಚಿ, ಒಳಗಿಂದ ಮೆಲ್ಲಗೆ ಗಾಳಿ ಬಿಟ್ಟರು. ಆ ಒಂದು ಜಾಗದಲ್ಲಿ ಗುಳ್ಳೆ ಎದ್ದಿತು. ಮೇಲೆ ಸಿಲಿಕೋನ್ ಎಳೆಯೋಣ ಅಂದಾಗ ನಾನು ಒಪ್ಪಲಿಲ್ಲ. ಆ ಗಾಜು ಬರೀ ಗಾಳಿ ತಡೆಯಲಿಕ್ಕೆ ಇರುವುದಲ್ಲ. ಎಡಗಡೆಯ ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಅದಕ್ಕೆ ಆಸರೆ ಆ ಗಾಜೇ. ಗಾಜು ತೆಗೆದು ಹೊಸದಾಗಿ ಪಿಯು (ಪಾಲಿಯುರೆಥೇನ್) ಅಂಟು ಹಾಕಿ ಕೂರಿಸಿದರು. ಅಂಟು ಗಟ್ಟಿಯಾಗುವವರೆಗೆ ಕಾರು ಅಲ್ಲೇ ಬಿಟ್ಟು ಬಂದೆ.

ಮುಧೋಳದಿಂದ

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಊರೊಳಗೆ ಬಂದಾಗ ನಮ್ಮ ಕಾರಿಗೂ ಸೀಟಿನ ಮಟ್ಟಕ್ಕೆ ನೀರು ಬಂದಿತ್ತು. ಅದು ಬೇರೆ ಮಾತು. ಪ್ರವಾಹಕ್ಕೆ ಇನ್ಶೂರೆನ್ಸ್ ಬಂತು. ರಬ್ಬರ್ ಹಳೆಯದಾಗಿ ಸೋರಿದರೆ ಅದು ಸವೆತ, ಅದಕ್ಕೆ ಕೊಡುವುದಿಲ್ಲ, ಇದನ್ನು ನೆನಪಿಡಿ.

ಹೇಳಬೇಕೆಂದದ್ದು ಅದರ ಮರುವರ್ಷದ ಮಾತು. ಕಾರಿನ ನೆಲದಲ್ಲಿ ಅಲ್ಲಲ್ಲಿ ರಬ್ಬರ್ ಬೂಚುಗಳಿರುತ್ತವೆ. ಪ್ರವಾಹದ ನೀರು ಹೊರಹಾಕಲು ಅವನ್ನು ತೆಗೆದಿದ್ದರು. ಒಂದನ್ನು ವಾಪಸ್ ಸರಿಯಾಗಿ ಕೂರಿಸಿರಲಿಲ್ಲ. ಮರುವರ್ಷ ಮೇಲಿನಿಂದ ಮಳೆ ಇಲ್ಲದಿದ್ದರೂ, ರಸ್ತೆಯ ಗುಂಡಿಯ ನೀರಿನಲ್ಲಿ ಹಾದರೆ ಸಾಕು, ಕಾರ್ಪೆಟ್ ತೊಯ್ಯುತ್ತಿತ್ತು. ನಾವು ಮೂರು ತಿಂಗಳು ಮೇಲೆಯೇ ಹುಡುಕಿದೆವು. ಅಕ್ಕಾ, ನಿಮಗೆ ನೀರು ಬರುವುದು ನಿಂತಾಗಲೋ ಓಡಿಸಿದಾಗಲೋ ಅಂತ ಬರೆದಿಡಿ. ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ. ಡಿಕ್ಕಿಯ ಸ್ಟೆಪ್ನಿ ಎತ್ತಿ ಕೆಳಗೂ ಒಮ್ಮೆ ನೋಡಿ. ಹಿಂದಿನ ಲೈಟಿನ ರಬ್ಬರ್ ಹೋಗಿದ್ದರೆ ನೀರು ಅಲ್ಲಿ ಕೂಡುತ್ತದೆ.

ಗೋಕಾಕದಿಂದ, ಸೀಟ್ ಕೆಲಸ ಮಾಡುವವನು

ಒಣಗಿಸುವುದರ ಬಗ್ಗೆ ಯಾರೂ ಪೂರ್ತಿ ಹೇಳಲಿಲ್ಲ, ನಾನು ಹೇಳುತ್ತೇನೆ. ದಾರಿ ಮುಚ್ಚಿದರೆ ಅರ್ಧ ಕೆಲಸ ಅಷ್ಟೇ. ಕಾರ್ಪೆಟ್ ಮೇಲೆ ಕೈಯಾಡಿಸಿ ಒಣಗಿದೆ ಅಂತಾರೆ. ಅದರ ಕೆಳಗಿನ ಫೋಮು ಎರಡು ಬೆರಳು ದಪ್ಪ ಇರುತ್ತದೆ, ಕುಡಿದ ನೀರನ್ನು ವಾರಗಟ್ಟಲೆ ಬಿಡುವುದಿಲ್ಲ. ಮುಗ್ಗಲು ವಾಸನೆ ಬರುವುದು ಅದರಿಂದಲೇ. ಸೆಂಟ್ ಡಬ್ಬಿ ಇಟ್ಟರೆ ಹೋಗುವುದಿಲ್ಲ. ಎಷ್ಟೋ ಕಾರಿನಲ್ಲಿ ಕಾರ್ಪೆಟ್ ಎತ್ತಿದರೆ ತಗಡು ತುಕ್ಕು ಹಿಡಿದು, ವೈರಿನ ಕನೆಕ್ಟರ್ ಹಸಿರುಗಟ್ಟಿರುತ್ತದೆ. ಕೆಲವು ಕಾರುಗಳಲ್ಲಿ ಕಂಪ್ಯೂಟರ್ ಡಬ್ಬಿಯೂ ಸೀಟಿನ ಕೆಳಗೇ ಇರುತ್ತದೆ.

ಸೀಟ್ ಬಿಚ್ಚಿಸಿ, ಫೋಮು ಎತ್ತಿ, ಕೆಳಗೆ ಇಟ್ಟಿಗೆ ತುಂಡೋ ಕಟ್ಟಿಗೆಯೋ ಕೊಟ್ಟು ಗಾಳಿಯಾಡಲು ಬಿಡಿ. ಮಳೆಗಾಲದಲ್ಲಿ ಬಿಸಿಲು ಸಿಗದಿದ್ದರೆ ಟೇಬಲ್ ಫ್ಯಾನ್ ಎರಡು ದಿನ. ಒಂದು ಎಚ್ಚರಿಕೆ: ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು. ಬ್ಯಾಟರಿ ವೈರ್ ಕಳಚಿ, ಸ್ವಲ್ಪ ಹೊತ್ತು ಬಿಟ್ಟ ಮೇಲೆಯೇ ಅದಕ್ಕೆ ಕೈಹಚ್ಚಬೇಕು. ತಿಳಿದವರ ಕೈಯಲ್ಲೇ ಮಾಡಿಸಿ.

ಕೇಳಿದವರು, ಅನಗೋಳದಿಂದ, ಎರಡು ವಾರದ ನಂತರ

ಎಲ್ಲರಿಗೂ ಮನಸಾರೆ ಧನ್ಯವಾದ. ಹಿಂದವಾಡಿಯ ಅಣ್ಣ ಕೇಳಿದ ಪ್ರಶ್ನೆ ಓದಿದ ಕೂಡಲೇ ನೆನಪಾಯಿತು. ಹೋದ ದಸರೆಯಲ್ಲಿ ಹಿಂದಿನ ಬಲಗಡೆ ಗಾಜು ಮೇಲೇಳುತ್ತಿರಲಿಲ್ಲ, ಮೋಟರ್ ರಿಪೇರಿ ಮಾಡಿಸಿದ್ದೆವು. ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ ಹೊಳೆದೇ ಇರಲಿಲ್ಲ.

ರವಿವಾರ ನಮ್ಮ ಮನೆಯವರು ಪ್ಯಾಡ್ ಬಿಚ್ಚಿದರು. ಪ್ಲಾಸ್ಟಿಕ್ ಹಾಳೆಯ ಕೆಳಗಿನ ಅರ್ಧ ಸುಮ್ನೆ ಜೋತಾಡುತ್ತಿತ್ತು. ಪಾರ್ಸೆಲ್‌ಗೆ ಹಚ್ಚುವ ಕಂದು ಟೇಪ್ ಅಂಟಿಸಿದ್ದರು, ಅದು ಬಿಟ್ಟುಹೋಗಿತ್ತು. ಗಾಜಿನ ಮೇಲೆ ನೀರು ಬಿಟ್ಟಾಗ ಹಾಳೆಯ ಮಡಿಕೆಯ ಮೇಲೆ ಹರಿದು, ಹೊಸ್ತಿಲು ದಾಟಿ, ಕಾರ್ಪೆಟ್ ಕೆಳಗೆ ಇಳಿಯುವುದು ಕಣ್ಣಾರೆ ಕಂಡಿತು. ಬಾಗಿಲ ತಳದ ಒಂದು ತೂತಿಗೂ ಮಣ್ಣು ಕಟ್ಟಿತ್ತು. ಕಡ್ಡಿ ಹಾಕಿ ತಿರುವಿದರೆ ಒಂದು ಲೋಟದಷ್ಟು ಕೆಂಪು ನೀರು ಬಿತ್ತು.

ದಪ್ಪ ಪ್ಲಾಸ್ಟಿಕ್ ಕತ್ತರಿಸಿ, ರಬ್ಬರಿನಂಥ ಮೆತ್ತನೆ ಕರಿ ಬ್ಯೂಟೈಲ್ ಟೇಪ್ ಹಾಕಿ ಅಂಟಿಸಿದೆವು. ಕೆಳಗಿನ ಅಂಚನ್ನು ಬಾಗಿಲಿನ ಒಳಕ್ಕೆ ಸೇರಿಸಿದೆವು, ನೀರು ಹಾಳೆಯ ಗುಂಟ ಇಳಿದು ಬಾಗಿಲೊಳಗೇ ಬೀಳಬೇಕಲ್ವಾ. ಒಟ್ಟು ಖರ್ಚು ನಾನೂರ ಐವತ್ತು ರೂಪಾಯಿ. ಫೋಮು ಮನೆಯ ಪಡಸಾಲೆಯಲ್ಲಿ ಫ್ಯಾನ್ ಕೆಳಗೆ ಮೂರು ದಿನ ಇತ್ತು. ವಾಸನೆ ಇನ್ನೂ ಸ್ವಲ್ಪ ಇದೆ.

ಸೋಮವಾರದಿಂದ ಇಲ್ಲಿ ಮತ್ತೆ ಜಡಿಮಳೆ. ಕಾರ್ಪೆಟ್ ಕೆಳಗೆ ಪೇಪರ್ ಹಾಸಿಟ್ಟಿದ್ದೆ. ಇವತ್ತು ಗುರುವಾರ ತೆಗೆದು ನೋಡಿದೆ. ಪೇಪರ್ ಗರಿಗರಿಯಾಗಿಯೇ ಇತ್ತು.