ಅಡುಗೆಮನೆ ಕಬೋರ್ಡ್ ಕೆಳಗೆ ರೇಡಿಯೋ-ಸಿಡಿ ಸೆಟ್: ಅಮೆರಿಕದಿಂದ ತರಿಸಲಾ?

ಪ್ರಶ್ನೆ: ಅಣ್ಣಾ, ನಮಸ್ಕಾರ. ನಮ್ಮ ಮನೆ ತುಮಕೂರಿನ ಎಸ್.ಎಸ್. ಪುರಂನಲ್ಲಿ. ಹೋದ ತಿಂಗಳು ಅಡುಗೆಮನೆಗೆ ಪ್ಲೈವುಡ್ ಕಬೋರ್ಡ್ ಮಾಡಿಸಿದೆವು. ಕಟ್ಟೆ ಮೇಲೆ ಮಿಕ್ಸಿ, ಫಿಲ್ಟರು, ಡಬ್ಬಿಗಳು ಕೂತ ಮೇಲೆ ಒಂದು ಲೋಟ ಇಡೋಕೂ ಜಾಗ ಇಲ್ಲ. ಅಮೆರಿಕದಲ್ಲಿರುವ ನಮ್ಮ ಮೈದುನ ದೀಪಾವಳಿಗೆ ಬರುತ್ತಿದ್ದಾನೆ. ಅಲ್ಲಿ ಕಬೋರ್ಡಿನ ತಳಕ್ಕೆ ಸ್ಕ್ರೂ ಹಾಕಿ ತೂಗುಹಾಕುವ ರೇಡಿಯೋ-ಸಿಡಿ ಸೆಟ್ ಇರುತ್ತದಂತೆ, ಅದರಲ್ಲೇ ಗಡಿಯಾರವೂ ಇದೆಯಂತೆ. ಹಳೆಯದೊಂದು ನೋಡಿಟ್ಟಿದ್ದಾನೆ. ಅತ್ತೆಗೆ ಬೆಳಿಗ್ಗೆ ಆಕಾಶವಾಣಿ ವಾರ್ತೆ ಬೇಕೇ ಬೇಕು. ದೇವರನಾಮ, ಭಾವಗೀತೆ ಸಿಡಿಗಳು ಶೂ ಡಬ್ಬದ ತುಂಬ ಇವೆ. ತರಿಸಲಾ, ಬೇಡವಾ?

ಉತ್ತರ: ಅಮ್ಮಾ, ನಾನಾದರೆ ತರಿಸುವುದಿಲ್ಲ. ಸೆಟ್ ಕೆಟ್ಟದ್ದು ಅಂತಲ್ಲ, ಅದನ್ನು ಮಾಡಿರುವುದು ಆ ಊರಿನ ಕರೆಂಟಿಗೆ, ಆ ಊರಿನ ಸ್ಟೇಷನ್ನುಗಳಿಗೆ.

ಮೊದಲು ಹಿಂಭಾಗದ ಚೀಟಿಯ ಫೋಟೋ ಕಳಿಸೋಕೆ ಹೇಳಿ. 120 ವೋಲ್ಟ್, 60 ಹರ್ಟ್ಸ್ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವ ಲೆಕ್ಕ) ಅಂತ ಮಾತ್ರ ಇದ್ದರೆ, ನಮ್ಮ 230 ವೋಲ್ಟಿಗೆ ನೇರವಾಗಿ ಚುಚ್ಚಿದ ಕೂಡಲೇ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಹೀಗೆ ಹೊಗೆ ಬಂದ ಸೆಟ್ಟುಗಳನ್ನು ನಾನೇ ಎಷ್ಟೋ ಬಿಚ್ಚಿದ್ದೇನೆ. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಬಹುದಲ್ವಾ ಅಂತ ಕೇಳುತ್ತೀರಿ. ಹಾಕಬಹುದು. ಆದರೆ ಇಟ್ಟಿಗೆ ತೂಕದ ಆ ಪೆಟ್ಟಿಗೆಯನ್ನು ಸಿಂಕಿನ ಪಕ್ಕ ಎಲ್ಲಿಡುತ್ತೀರಿ? ಜಾಗ ಉಳಿಸೋಕೆ ತಾನೇ ಈ ಸೆಟ್ಟು!

ಸ್ಟೆಪ್‌ಡೌನ್ ವೋಲ್ಟೇಜ್ ಇಳಿಸುತ್ತದೆ ಅಷ್ಟೇ, ನಮ್ಮ 50 ಹರ್ಟ್ಸನ್ನು 60 ಮಾಡುವುದಿಲ್ಲ. ಆ ಕಾಲದ ಎಷ್ಟೋ ಸೆಟ್ಟುಗಳಲ್ಲಿ ಗಡಿಯಾರ ಕರೆಂಟಿನ ಏರಿಳಿತವನ್ನೇ ಎಣಿಸಿಕೊಂಡು ಓಡುತ್ತದೆ. ಅರವತ್ತು ಎಣಿಸಿದರೆ ಒಂದು ಸೆಕೆಂಡು. ಇಲ್ಲಿ ಬರುವುದು ಐವತ್ತೇ. ಬೆಳಿಗ್ಗೆ 6ಕ್ಕೆ ಸರಿಮಾಡಿಟ್ಟರೆ ಮಧ್ಯಾಹ್ನ 12ಕ್ಕೆ ಅದು 11 ತೋರಿಸುತ್ತದೆ. ಅತ್ತೆಯವರ ವಾರ್ತೆ ಮುಗಿದೇ ಹೋಗಿರುತ್ತದೆ.

ಇನ್ನು ರೇಡಿಯೋ. ಬೆಂಗಳೂರು ಆಕಾಶವಾಣಿ ಇರುವುದು ಮೀಡಿಯಂ ವೇವ್ 612 ಕಿಲೋಹರ್ಟ್ಸ್‌ನಲ್ಲಿ. ನಮ್ಮ ಕಡೆ ಸ್ಟೇಷನ್ನುಗಳ ನಡುವೆ 9 ಕಿಲೋಹರ್ಟ್ಸ್ ಅಂತರ, ಅಮೆರಿಕದಲ್ಲಿ 10. ಬಟನ್ ಒತ್ತಿ ಸ್ಟೇಷನ್ ಹಿಡಿಯುವ ಅಮೆರಿಕದ ಸೆಟ್ 610ಕ್ಕೆ ನಿಲ್ಲುತ್ತದೆ, ಆಮೇಲೆ 620ಕ್ಕೆ ಹಾರುತ್ತದೆ. 610ರಲ್ಲಿ ಕೇಳಿಸುತ್ತದೆ, ಆದರೆ ಮೂಗು ಹಿಡಿದುಕೊಂಡು ಮಾತಾಡಿದ ಹಾಗೆ. ಎಫ್‌ಎಂನಲ್ಲೂ ಇದೇ ಕಥೆ. ಅಲ್ಲಿಯ ಸ್ಟೇಷನ್ನುಗಳೆಲ್ಲ ಚುಕ್ಕೆ ಆದಮೇಲೆ ಬೆಸ ಸಂಖ್ಯೆ. ಹಾಗಾಗಿ ಎಫ್‌ಎಂ ರೇನ್‌ಬೋ 101.3, ವಿವಿಧ ಭಾರತಿ 102.9 ಎರಡಕ್ಕೂ ತೊಂದರೆ ಇಲ್ಲ. ನಮ್ಮೂರಿನದೇ ರೇಡಿಯೋ ಸಿದ್ಧಾರ್ಥ 90.8 ಮಾತ್ರ ಕೆಲವು ಸೆಟ್ಟುಗಳಲ್ಲಿ ಬರುವುದೇ ಇಲ್ಲ, 90.7 ಬಿಟ್ಟರೆ 90.9. ಹಿಂಭಾಗದಲ್ಲಿ 9/10 ಅಂತ ಸಣ್ಣ ಸ್ವಿಚ್ ಇದ್ದರೆ ಅಥವಾ ಮುಳ್ಳು ತಿರುಗಿಸುವ ಹಳೇ ಕಾಲದ ಡಯಲ್ ಇದ್ದರೆ ಈ ತಕರಾರು ಇಲ್ಲ.

ಪ್ರಶ್ನೆ: ಅಯ್ಯೋ, ಇಷ್ಟೆಲ್ಲಾ ಇದೆಯಾ! ಸರಿ, ಇಲ್ಲಿಯದೇ 230 ವೋಲ್ಟಿನ ಸೆಟ್ ತಗೊಂಡು ಕಾರ್ಪೆಂಟರ್ ಹತ್ತಿರ ಕಬೋರ್ಡ್ ಕೆಳಗೆ ಕೂರಿಸಿದರೆ?

ಉತ್ತರ: ಅದು ಒಳ್ಳೆ ಯೋಚನೆ. ಕಬೋರ್ಡಿನ ತಳ 18 ಎಂಎಂ ಪ್ಲೈವುಡ್ ಆಗಿದ್ದರೆ ಎರಡು ಎಲ್ ಪಟ್ಟಿ, ಒಂದು ತೆಳು ಹಲಗೆ ಸಾಕು. ಸೆಟ್ಟಿನ ಮೈಗೆ ಮಾತ್ರ ಸ್ಕ್ರೂ ಹಾಕಿಸಬೇಡಿ. ಸಿಡಿ ಮುಚ್ಚಳ ಮೇಲಕ್ಕೆ ತೆರೆಯುವಂಥದ್ದಾದರೆ ಮೇಲೆ ಜಾಗವೇ ಸಿಗುವುದಿಲ್ಲ. ಮುಂದಕ್ಕೆ ತಟ್ಟೆ ಚಾಚುವಂಥದ್ದು ನೋಡಿ. ಅಂಗಡಿಗೆ ಹೋಗುವಾಗ ನಿಮ್ಮದೇ ಎರಡು ಸಿಡಿ ತಗೊಂಡು ಹೋಗಿ, ಒಂದು ಮಾಮೂಲಿ ಹಾಡಿನ ಸಿಡಿ, ಇನ್ನೊಂದು ನೂರಿನ್ನೂರು ಹಾಡಿರುವ ಎಂಪಿ3. ಎಂಪಿ3 ಓದದ ಸೆಟ್ಟುಗಳಿವೆ.

ಒಲೆ ಮೇಲಿನ ಕಬೋರ್ಡ್ ಮಾತ್ರ ಬೇಡವೇ ಬೇಡ. ಕ್ಯಾತ್ಸಂದ್ರದ ಒಂದು ಮನೆಯಿಂದ ನನ್ನ ಹತ್ತಿರ ಸೆಟ್ ಬಂದಿತ್ತು. ಯಾವ ಸಿಡಿ ಹಾಕಿದರೂ 'ನೋ ಡಿಸ್ಕ್' ಅನ್ನುತ್ತಿತ್ತು. ಬಿಚ್ಚಿ ನೋಡಿದರೆ ಸಿಡಿ ಓದುವ ಪುಟ್ಟ ಲೆನ್ಸ್ ಮೇಲೆ ಕಂದು ಬಣ್ಣದ ಪೊರೆ, ಬೆರಳಿಗೆ ಅಂಟುವಷ್ಟು. ದಿನಾ ಒಗ್ಗರಣೆ ಹೊಗೆ ನೇರವಾಗಿ ಅಲ್ಲಿಗೇ ಹೋಗಿತ್ತು. ಇಯರ್‌ಬಡ್‌ಗೆ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹಗುರವಾಗಿ ಒರೆಸಿದೆ, ಹಾಡಿತು. ಟ್ರಾನ್ಸ್‌ಫಾರ್ಮರ್ ಬಿಸಿಗೆ ಒಳಗೆ ಜಿರಲೆ ಸಂಸಾರವೇ ಇತ್ತು, ಅದು ಬೇರೆ ವಿಷಯ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಮೀಡಿಯಂ ವೇವ್ ಹಿಡಿಯುವುದು ಸೆಟ್ಟಿನ ಒಳಗಿರುವ ಫೆರೈಟ್ ಕಡ್ಡಿ, ಅದೇ ಅದರ ಆಂಟೆನಾ. ಅದರ ಉದ್ದನೆಯ ಬದಿ ಸ್ಟೇಷನ್ ಕಡೆಗೆ ಇದ್ದರೆ ಚೆನ್ನಾಗಿ ಹಿಡಿಯುತ್ತದೆ, ತುದಿ ಆ ಕಡೆಗೆ ತಿರುಗಿದರೆ ಇಲ್ಲ. ಮೇಜಿನ ಮೇಲಿನ ರೇಡಿಯೋ ಆದರೆ ಸುಮ್ನೆ ತಿರುಗಿಸಿಕೊಳ್ಳುತ್ತೇವೆ. ಕಬೋರ್ಡಿಗೆ ಕೂರಿಸಿದ್ದನ್ನು ತಿರುಗಿಸೋಕಾಗುತ್ತಾ? ಅದಕ್ಕೇ ಡ್ರಿಲ್ ಮಾಡುವ ಮುಂಚೆ ಸೆಟ್ಟನ್ನು ಅದೇ ಜಾಗದಲ್ಲಿ ಕೈಯಲ್ಲಿ ಹಿಡಿದು ಐದು ನಿಮಿಷ ಕೇಳಿ. ಎಲ್‌ಇಡಿ ಲೈಟ್ ಹಾಕಿ ಕೇಳಿ, ಆರಿಸಿ ಕೇಳಿ. ಮಿಕ್ಸಿ ಓಡುವಾಗ ಗರಗರ ಬಂದೇ ಬರುತ್ತದೆ, ಅದಕ್ಕೆ ಮದ್ದಿಲ್ಲ. ಎಫ್‌ಎಂಗೆ ಮುಕ್ಕಾಲು ಮೀಟರ್ ವೈರನ್ನು ಕಿಟಕಿ ಕಡೆಗೆ ಎಳೆದುಬಿಡಿ.

ಇನ್ನೊಬ್ಬರ ಪ್ರಶ್ನೆ: ಸರ್, ನಮ್ಮದು ಹಳೇ ಮನೆ, ಕಡಪ ಕಲ್ಲಿನ ಶೆಲ್ಫು. ಅದಕ್ಕೆ ತೂಗುಹಾಕಬಹುದಾ?

ಉತ್ತರ: ಕಲ್ಲಿಗೆ ಡ್ರಿಲ್ ಹಾಕಬೇಡಿ, ಪದರ ಬಿಟ್ಟು ಸೀಳುತ್ತದೆ. ಗೋಡೆಗೆ ಬ್ರಾಕೆಟ್ ಹೊಡೆಸಿ.

ಪ್ರಶ್ನೆ: ಅಣ್ಣಾ, ಈಗ ನಮ್ಮ ಹಳೇ ಪಾಕೆಟ್ ರೇಡಿಯೋ ಹಿಡಿದು ನೋಡಿದೆ. ಸಿಂಕ್ ಪಕ್ಕದ ಕಬೋರ್ಡ್ ಕೆಳಗೆ 612 ಚೆನ್ನಾಗಿ ಬರುತ್ತಿದೆ, ಫ್ರಿಜ್ ಪಕ್ಕ ಬರೀ ಗೊರ್ ಅನ್ನುತ್ತೆ. ಮೈದುನನಿಗೆ ಬೇಡ ಅಂದುಬಿಟ್ಟೆ.

ಉತ್ತರ: ಹಾಗಾದರೆ ಸಿಂಕ್ ಪಕ್ಕದ್ದೇ. ನಲ್ಲಿಯಿಂದ ಎರಡು ಅಡಿ ದೂರ ಬಿಡಿ, ಪ್ಲಗ್ ಪಾಯಿಂಟ್ ಮೇಲಿರಲಿ. ಒದ್ದೆ ಕೈಯಲ್ಲಿ ಸ್ಟೇಷನ್ ಬದಲಾಯಿಸಬೇಡಿ ಅಂತ ಅತ್ತೆಗೂ ಹೇಳಿ.