ಪದ ಬೇಕು (ತುರ್ತು): ವಾಚಿನ ಬೆಲ್ಟನ್ನು ಹಿಡಿದಿಡುವ ಆ ಸಣ್ಣ ಕಡ್ಡಿಗೆ ಏನನ್ನೋಣ?

ಶಿವಮೊಗ್ಗದಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಮಧ್ಯಾಹ್ನದೊಳಗೆ ಪ್ರೆಸ್ಸಿಗೆ ಕೊಡಬೇಕಾದ ಚೀಟಿಯೊಂದು ಕೈಯಲ್ಲಿದೆ. ವಾಚಿನ ಬೆಲ್ಟ್ ಮಾರುವ ಪರಿಚಯದವರೊಬ್ಬರು ಪೊಟ್ಟಣದೊಳಗೆ ‘ಮನೆಯಲ್ಲೇ ಬದಲಿಸಿಕೊಳ್ಳುವುದು ಹೇಗೆ’ ಅಂತ ಕನ್ನಡದಲ್ಲಿ ಬರೆಸಿ ಇಡುತ್ತಾರಂತೆ. ಅಂಗೈಯಗಲದ ಕಾಗದ. ವಿವರಣೆಗೆ ಜಾಗವಿಲ್ಲ, ಪದ ನೋಡಿದ ಕೂಡಲೇ ತಿಳಿಯಬೇಕು.

ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಒಂದು, ಸ್ಪ್ರಿಂಗ್ ಬಾರ್: ಬೆಲ್ಟಿನ ತುದಿಯೊಳಗೆ ಅಡ್ಡಲಾಗಿ ಕೂತಿರುವ ಸಣ್ಣ ಕೊಳವೆ. ಒಳಗೆ ಸ್ಪ್ರಿಂಗು. ಎರಡೂ ತುದಿಯ ಮೊನೆ ಒತ್ತಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ಹೊರಬಂದು ಕೇಸಿನ ಗುಳಿಯಲ್ಲಿ ಕೂರುತ್ತದೆ. ಇನ್ನೊಂದು, ಲಗ್: ಕೇಸಿನಿಂದ ಮೇಲೆರಡು, ಕೆಳಗೆರಡು ಚಾಚಿಕೊಂಡಿರುತ್ತವಲ್ಲ, ಅವು.

ಕರಡು ಹೀಗಿದೆ: ‘ವಾಚನ್ನು ಮೆತ್ತನೆಯ ಬಟ್ಟೆಯ ಮೇಲೆ ಬೋರಲು ಹಾಕಿ. ಉಪಕರಣದ ಕವಲು ತುದಿಯನ್ನು ಬೆಲ್ಟಿಗೂ ....ಗೂ ನಡುವೆ ತೂರಿಸಿ, ....ಯ ಅಂಚನ್ನು ಒಳಕ್ಕೆ ತಳ್ಳಿ ಎತ್ತಿ.’ ಬಿಟ್ಟ ಸ್ಥಳ ತುಂಬಿಕೊಡಿ.

ಮೈಸೂರಿನಿಂದ:

ಬಿಟ್ಟ ಸ್ಥಳ ಆಮೇಲೆ. ಮೊದಲು ‘ವಾಚು’, ‘ಬೆಲ್ಟು’ ಹೊಡೆದುಹಾಕಿ. ಕೈಗಡಿಯಾರ, ಬಾರು. ತಮಿಳಿನ ವಾರ್ ನಮ್ಮಲ್ಲಿ ವಕಾರ ಬಕಾರವಾಗಿ ಬಾರ್, ಬಾರು. ಚಪ್ಪಲಿಗೆ ಬಾರು ಇರಬಹುದಾದರೆ ಗಡಿಯಾರಕ್ಕೆ ಯಾಕಾಗದು? ಸ್ಪ್ರಿಂಗ್ ಬಾರಿಗೆ ‘ಕಡೆಗೀಲು’. ಜೇಡರ ದಾಸಿಮಯ್ಯನ ವಚನದಲ್ಲೇ ಇದೆ, ಹೊಸದಾಗಿ ಟಂಕಿಸುವ ಕಷ್ಟ ಯಾರಿಗೂ ಬೇಡ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಈ ಗುಂಪಿನ ಹಳೆ ಚಾಳಿ.

ಹುಬ್ಬಳ್ಳಿಯಿಂದ:

ಮೇಷ್ಟ್ರ, ಬಾರು ಅಂದ್ರ ತೊಗಲಿಂದು. ಈಗಿನ ಬೆಲ್ಟು ರಬ್ಬರ್ ಅದಾವ, ನೈಲಾನ್ ಅದಾವ. ಸ್ಟೀಲಿಂದಕ್ಕ ಎಲ್ಲಾರೂ ಚೈನು ಅಂತಾರ. ಮತ್ತ ಆ ಚೀಟ್ಯಾಗ ‘ಬಾರನ್ನು ಸ್ಪ್ರಿಂಗ್ ಬಾರಿನಿಂದ ಬಿಡಿಸಿ’ ಅಂತ ಬಂದ್ರ ಓದಿದಾಂವ ಯಾವ ಬಾರಿಗೆ ಹೋಗಬೇಕ್ರಿ?

ನಮ್ಮ ಸೋದರಮಾವಂದು ವಾಚ್ ರಿಪೇರಿ ಅಂಗಡಿ ಇತ್ತು. ಅಲ್ಲಿ ಇದಕ್ಕ ‘ಪಿನ್ನು’, ಅಷ್ಟ. ‘ಪಿನ್ ಹೋಗೇತ್ರಿ, ಹಾಕಿಕೊಡ್ರಿ’ ಅಂತ ಗಿರಾಕಿನೂ ಅಂತಿದ್ದ. ಒಂದ ತೊಡಕಂದ್ರ, ಚೈನಿನ ಕಡಿ ಜೋಡಸೂದಕ್ಕೂ ಪಿನ್ನ ಅಂತಾರ. ಅದಕ್ಕ ಸ್ಪ್ರಿಂಗ್ ಇರೂದಿಲ್ಲ, ಚೈನಿನ ಒಳಮೈಗೆ ಬಾಣದ ಗುರುತು ಎತ್ತ ಇರತದ ಅತ್ತ ತಳ್ಳಿ ತಗೀತಾರ. ಬೇರೆ ಮಾಡಿ ಹೇಳಬೇಕಂದ್ರ ‘ಸ್ಪ್ರಿಂಗ್ ಪಿನ್ನು’ ಅನ್ರಿ. ಮುಗೀತು.

ಬೆಂಗಳೂರಿನಿಂದ:

ಮುಗಿಯಲಿಲ್ಲ. ಮೆಕ್ಯಾನಿಕಲ್ ಕೆಲಸದಲ್ಲಿ ಸ್ಪ್ರಿಂಗ್ ಪಿನ್ ಅಂದರೆ ಬೇರೆಯೇ ವಸ್ತು. ಉದ್ದಕ್ಕೆ ಸೀಳಿದ ಉಕ್ಕಿನ ಕೊಳವೆ, ತೂತಿಗಿಂತ ತುಸು ದಪ್ಪ, ಬಡಿದು ಕೂರಿಸುವುದು. ಚೀಟಿ ಓದುವವರೆಲ್ಲ ಫಿಟ್ಟರುಗಳಲ್ಲ ಅನ್ನುವುದು ನಿಜ, ಆದರೂ ಹೇಳಿಬಿಟ್ಟೆ.

ಮೈಸೂರಿನವರ ‘ಕಡೆಗೀಲು’ ಅರ್ಥದಲ್ಲೇ ತಪ್ಪು. ಕಡೆಗೀಲು ಅಚ್ಚಿನ ತುದಿಗೆ ಹೊಡೆಯುವ ತಡೆ. ಚಕ್ರ ಜಾರದಂತೆ ಕಾಯುತ್ತದೆ, ಬಂಡಿಯ ಭಾರ ಹೊರುವುದಿಲ್ಲ. ಇಲ್ಲಿ ಕಡ್ಡಿಯೇ ಭಾರ ಹೊರುತ್ತದೆ, ಬೆಲ್ಟು ಅದರ ಮೇಲೇ ತಿರುಗುತ್ತದೆ. ಬಂಡಿಯಿಂದಲೇ ಪದ ತರಬೇಕಾದರೆ ಇದು ಅಚ್ಚು. ಇನ್ನು ಮಣಿಕಟ್ಟಿಗೆ ಕಟ್ಟುವ ವಸ್ತುವಿನ ಚೀಟಿಯಲ್ಲಿ ‘ಕೀಲು ಕಳಚಿ’ ಅಂತ ಬರೆದರೆ ಜನ ಮೂಳೆ ಡಾಕ್ಟರನ್ನು ಹುಡುಕಿಕೊಂಡು ಹೋಗುತ್ತಾರೆ.

ಒಂದು ಮಾತು. 1961ರಿಂದ ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಇದೇ ಊರಲ್ಲಿ ವಾಚು ಮಾಡಿದರು. ಆಮೇಲೆ ತುಮಕೂರಿನಲ್ಲೂ ಮಾಡಿದರು. ಜನತಾ, ಪೈಲಟ್, ಸೋನಾ ಎಲ್ಲರ ಕೈಯಲ್ಲೂ ಇತ್ತು. ಕೆಲವು ಡಯಲುಗಳ ಮೇಲೆ ನಾಗರಿಯಲ್ಲಿ ‘ಜನತಾ’ ಅಂತಲೂ ಇತ್ತು. ಇಷ್ಟೆಲ್ಲ ಇಲ್ಲೇ ಆಗಿಯೂ ಬಿಡಿಭಾಗಕ್ಕೆ ಕನ್ನಡದಲ್ಲಿ ಹೆಸರು ಹುಡುಕುತ್ತಾ ಈಗ ಕೂತಿದ್ದೇವೆ.

ಮಂಗಳೂರಿನಿಂದ:

‘ಕೀಲು’ ಸಂಸ್ಕೃತದ ಕೀಲದಿಂದ ಬಂದದ್ದು. ಬೆಲ್ಟು ಬೇಡ ಅಂದ ಕೈಯಲ್ಲೇ ಮೈಸೂರಿನವರು ಕೀಲು ಕೊಟ್ಟಿದ್ದಾರೆ, ಇರಲಿ.

‘ಆಣಿ’ ಯಾಕಾಗಬಾರದು? ಅದರ ಹುಟ್ಟು ಸ್ವಾರಸ್ಯವಾಗಿದೆ. ತಮಿಳಿನಲ್ಲಿ ಆಣಿ ಅಂದರೆ ಮೊಳೆ. ಋಗ್ವೇದದ ಮೊದಲ ಮಂಡಲದಲ್ಲೇ ರಥದ ಆಣಿ ಬರುತ್ತದೆ. ಯಾರು ಯಾರಿಗೆ ಕೊಟ್ಟರು ಅನ್ನುವುದು ವಿದ್ವಾಂಸರ ನಡುವೆ ಇನ್ನೂ ಜಗಳದ ವಿಷಯ. ಇನ್ನು ‘ಗಡಿಯಾರ’ವನ್ನು ಅಚ್ಚಗನ್ನಡ ಅಂದುಕೊಂಡವರಿಗೆ: ಅದರ ಬುಡದಲ್ಲಿರುವುದು ಘಟಿ, ಘಟಿಕೆ. ತಳದಲ್ಲಿ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಟ್ಟು, ಅದು ತುಂಬಿ ಮುಳುಗುವ ಹೊತ್ತನ್ನು ಒಂದು ಘಟಿಕೆ, ಅಂದರೆ 24 ನಿಮಿಷ, ಅಂತ ಎಣಿಸುತ್ತಿದ್ದರು. ನಮ್ಮ ಗಡಿಗೆಯೂ ಅದೇ ಮನೆತನದ್ದು. ಗಡಿಯಾರಕ್ಕೆ ಕೊಡುವ ಚಾವಿ ಪೋರ್ಚುಗೀಸರದು. ಹೀಗಿರುವಾಗ ಪಾಪ, ಪಿನ್ನೊಂದೇ ಯಾಕೆ ಹೊರಗೆ ನಿಲ್ಲಬೇಕು?

ಮೈಸೂರಿನಿಂದ:

ತದ್ಭವ ಜೀರ್ಣವಾದ ಎರವಲು. ‘ಸ್ಪ್ರಿಂಗ್ ಪಿನ್ನು’ ಬರೀ ನುಂಗಿದ್ದು. ಈ ವ್ಯತ್ಯಾಸ ಕಾಣದವರ ಜೊತೆ ವಾದವಿಲ್ಲ.

ಮಂಗಳೂರಿನಿಂದ:

ಕೊನೆಗೆ ಉಕಾರ ಹತ್ತಿ, ನಕಾರ ಇಮ್ಮಡಿಸಿ, ಪಿನ್ನಿಗೆ, ಪಿನ್ನಿಂದ ಅಂತ ವಿಭಕ್ತಿ ಹಚ್ಚಿಕೊಂಡು ಓಡಾಡುತ್ತಿರುವ ಪದ ಇನ್ನೂ ಎಷ್ಟು ಜೀರ್ಣವಾಗಬೇಕು? ‘ಪಿನ್ನನ್ನು’ ಅನ್ನುವಾಗ ನಾಲಿಗೆ ತೊಡರುತ್ತದೆ ಅನ್ನಿ, ಒಪ್ಪುತ್ತೇನೆ.

ಶಿರಸಿಯಿಂದ:

ಜಗಳ ನಿಲ್ಲಿಸಿ ಕರಡನ್ನು ಒಮ್ಮೆ ಓದಿ ನೋಡಿ ಮಾರಾಯರೇ. ನಮ್ಮ ಮನೆಯ ಎಲ್ಲರ ವಾಚಿಗೂ ಬೆಲ್ಟ್ ಹಾಕುವುದು ನಾನೇ. ಚೀಟಿಯಲ್ಲಿ ಇರಲೇಬೇಕಾದದ್ದು ಇಲ್ಲ. ಬಕಲ್ ಇರುವ ಗಿಡ್ಡ ತುಂಡು 12ರ ಕಡೆಗೆ, ತೂತುಗಳಿರುವ ಉದ್ದದ ತುಂಡು 6ರ ಕಡೆಗೆ. ವಾಚು ಬೋರಲಾಗಿರುವಾಗ ಎಲ್ಲರೂ ಎಡವುವುದು ಇಲ್ಲೇ. ಇನ್ನು ಅಗಲ: 18, 20, 22 ಮಿಲಿಮೀಟರ್ ಅಂತ ಬರುತ್ತವೆ. 20ರ ಜಾಗಕ್ಕೆ 18ರದು ಹಾಕಿದರೆ ಅತ್ತಿತ್ತ ಸರಿದಾಡುತ್ತದೆ, 18ರ ಜಾಗಕ್ಕೆ 20ರದು ಕೂರುವುದೇ ಇಲ್ಲ.

ಆ ಕಡ್ಡಿ, ನೀವು ಏನೇ ಕರೆಯಿರಿ, ಒತ್ತಿದ ಕೈ ಜಾರಿದರೆ ಚಿಮ್ಮಿ ಮಂಚದಡಿ ಸೇರುತ್ತದೆ. ಅಂಚಿರುವ ತಟ್ಟೆಯೊಳಗೆ ಬಟ್ಟೆ ಹಾಸಿಕೊಂಡು ಮಾಡಿ ಅಂತ ಬರೆಯಿರಿ. ಕೂರಿಸಿದ ಮೇಲೆ ‘ಟಿಕ್’ ಅನ್ನಬೇಕು. ಆಮೇಲೂ ಒಮ್ಮೆ ಎಳೆದು ನೋಡಬೇಕು, ಒಂದೇ ತುದಿ ಸಿಕ್ಕಿಕೊಂಡಿದ್ದರೆ ರಸ್ತೆಯಲ್ಲಿ ವಾಚೇ ಬಿದ್ದುಹೋಗುತ್ತದೆ.

ಲಗ್ಗಿಗೆ ‘ಕಿವಿ’ ಸಾಕು. ಬಾಣಲೆಗೆ ಕಿವಿ ಇಲ್ಲವೇ? ಬಕಲಿನ ನಡುವಿನ ಕಡ್ಡಿಗೆ ಮಾತ್ರ ‘ಮುಳ್ಳು’ ಅನ್ನಬೇಡಿ. ಗಡಿಯಾರದ ವಿಷಯ ಬರೆಯುತ್ತಾ ಮುಳ್ಳು ಅಂದರೆ ಡಯಲ್ ಬಿಚ್ಚಲು ಹೊರಡುವವರಿದ್ದಾರೆ. ‘ನಾಲಿಗೆ’ ಅನ್ನಿ.

ಹುಬ್ಬಳ್ಳಿಯಿಂದ:

ಅಕ್ಕಾರು ಹೇಳಿದ್ದು ಖರೆ. ಕಿವಿಗೆ ಗೀರು ಬೀಳಬಾರದಂದ್ರ ಮೊದಲ ಒಂದ ತುಂಡು ಟೇಪ್ ಹಚ್ಚಬೇಕು, ಅದನ್ನೂ ಸೇರಸ್ರಿ. ಕಿವಿಗೆ ಹೊರಗಿನಿಂದ ತೂತಿದ್ರ ಕವಲು ತುದಿ ಬ್ಯಾಡ, ಸೂಜಿಯಂಥ ತುದಿಯಿಂದ ಹೊರಗಿಂದನ ಒತ್ತಿದ್ರ ಬರತದ.

ಶಿವಮೊಗ್ಗದಿಂದ:

ಎಲ್ಲರಿಗೂ ಋಣಿ, ಶಿರಸಿಯ ಅಕ್ಕನಿಗೆ ತುಸು ಹೆಚ್ಚು. ಚೀಟಿ ಪ್ರೆಸ್ಸಿಗೆ ಹೋಯಿತು. ‘ಪಿನ್ನನ್ನು’ ಬಾಯಿಗೆ ಬರಲಿಲ್ಲ, ‘ಆಣಿ’ ಅಂಗಡಿಯವರಿಗೆ ತಿಳಿಯಲಿಲ್ಲ. ಕೊನೆಗೆ ನಿಂತದ್ದು ಹೀಗೆ: ‘ಅಂಚಿರುವ ತಟ್ಟೆಯಲ್ಲಿ ಮೆತ್ತನೆಯ ಬಟ್ಟೆ ಹಾಸಿ, ವಾಚನ್ನು ಬೋರಲು ಹಾಕಿ. ಕಿವಿಗಳಿಗೆ ಟೇಪ್ ಅಂಟಿಸಿ. ಕವಲು ತುದಿಯನ್ನು ಬೆಲ್ಟಿಗೂ ಕಿವಿಗೂ ನಡುವೆ ತೂರಿಸಿ, ಸ್ಪ್ರಿಂಗ್ ಕಡ್ಡಿಯ ಅಂಚನ್ನು ಒಳಕ್ಕೆ ತಳ್ಳಿ ಎತ್ತಿ. ಹೊಸ ಬೆಲ್ಟಿನ ಬಕಲ್ ತುಂಡು 12ರ ಕಡೆಗೆ. ಟಿಕ್ ಅಂದ ಮೇಲೆ ಎಳೆದು ನೋಡಿ.’ ಹೊರಗಿನ ತೂತಿನ ಮಾತಿಗೆ ಜಾಗ ಸಾಲಲಿಲ್ಲ.

ಮೈಸೂರಿನಿಂದ:

‘ಸ್ಪ್ರಿಂಗ್ ಕಡ್ಡಿ’ ಅರಿಸಮಾಸ. ಅಚ್ಚಾಗುವ ಮುಂಚೆ ಕೇಳಿದ್ದರೆ ‘ಸುರುಳಿಗಡ್ಡಿ’ ಕೊಡುತ್ತಿದ್ದೆ.

ಹುಬ್ಬಳ್ಳಿಯಿಂದ:

ಸುರುಳಿಗಡ್ಡಿ ಅಂದ್ರ ಸೊಳ್ಳಿಗೆ ಹಚ್ಚೂದು ಅಂತ ತಿಳಕೋತಾರ್ರೀ ಮೇಷ್ಟ್ರ.

ಮಂಗಳೂರಿನಿಂದ:

ಅರಿಸಮಾಸದ ವಿಧಿ ಸಂಸ್ಕೃತ-ಕನ್ನಡ ಕೂಡಿಕೆಗೆ ಹೇಳಿದ್ದು, ಇಂಗ್ಲಿಷಿಗಲ್ಲ. ಇದನ್ನು ಎಳೆಯಬೇಕೆಂದಿದ್ದರೆ ದಯವಿಟ್ಟು ಬೇರೆ ತಲೆಬರಹ ಕೊಟ್ಟು ಶುರುಮಾಡಿ.